ಸುಸ್ತಿ ಅಳಿಸಿದ ಮೇಲೆ

"ಕೋಳಿ ನಾತ ಹೊತ್ಕೊಂಡು ಸೋಫಾ ಮೇಲೆ ಕೂರಬೇಡ. ನಿಂತ್ಕೊಂಡೇ ಮಾತಾಡು," ಅಂದ ಪ್ರೂಯಿಟ್.

ಕೂತಿದ್ದ ವರ್ನೀಟಾ ಎದ್ದಳು. ನಾನು ಬಾಗಿಲಲ್ಲೇ ನಿಂತೆ. ಅಮೆರಿಕದ ಆರ್ಕನ್ಸಾದ ನಮ್ಮೂರಿನ ಬಾಡಿಗೆ ಮನೆಗಳೆಲ್ಲ ಇವನ ಕೈಯಲ್ಲಿ. ನಾವಿಬ್ಬರೂ ಕೋಳಿ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವವರು, ಪಾಳಿ ಮುಗಿಸಿ ನೇರ ಬಂದಿದ್ದೆವು. ಭಾನುವಾರ ಇವನು ಚಪ್ಪರಿಸುವ ಕೋಳಿಯೂ ನಮ್ಮ ಕೈಯಿಂದಲೇ ಹೋಗುವುದು, ಆಗ ಇವನ ಮೂಗಿಗೆ ಯಾವ ನಾತವೂ ಹೊಡೆಯುವುದಿಲ್ಲ.

ವರ್ನೀಟಾ ನರ್ಸ್ ಆಗಬೇಕೆಂದು ಸಾಲ ಮಾಡಿ ಓದಲು ಸೇರಿದ್ದಳು. ನಡುವೆ ಮಗಳು ಹುಟ್ಟಿದಳು. ಓದು ನಿಂತಿತು, ಸಾಲ ನಿಲ್ಲಲಿಲ್ಲ. ಕಂತು ತಪ್ಪಿ ತಪ್ಪಿ ಕೊನೆಗೆ ಸುಸ್ತಿದಾರಳೆಂಬ ಮುದ್ರೆ ಬಿತ್ತು, ಸಂಬಳ ಕೈಗೆ ಬರುವ ಮೊದಲೇ ಮುರಿದುಕೊಂಡರು, ಇದ್ದ ಮನೆ ಹೋಯಿತು. ತಾಯಿ ಮಗಳು ಕಾರಿನಲ್ಲಿ ಮಲಗಿದರು. ಅದನ್ನು ಕಂಡ ಸರ್ಕಾರದವರು ಆರು ವರ್ಷದ ಜೊನೆಲ್‌ಳನ್ನು ಕಿತ್ತುಕೊಂಡು ಯಾರದೋ ಮನೆಗೆ ಸಾಕಲು ಕೊಟ್ಟರು. ಮಗುವಿಗೆ ಅದರದೇ ಮಂಚವಿರುವ ಮನೆ ತೋರಿಸು, ಆಮೇಲೆ ಕೇಳು ಅಂದರು ನ್ಯಾಯಾಧೀಶರು. ಶುಕ್ರವಾರ ಸರ್ಕಾರದವರು ಮನೆ ನೋಡಲು ಬರುವವರಿದ್ದರು.

ಒಂಬತ್ತು ಕಂತು ತಪ್ಪದೆ ಕಟ್ಟಿದರೆ ಸುಸ್ತಿ ಅಳಿಸುತ್ತೇವೆಂದು ಸಾಲದ ಕಚೇರಿ ಹೇಳಿತ್ತು. ಹೊಟ್ಟೆ ಬಟ್ಟೆ ಕಟ್ಟಿ ಕಟ್ಟಿದಳು, ಅಳಿಸಿದರು. ನಮ್ಮಲ್ಲಿ ಯಾರು ಮನೆ ಹಿಡಿದರೂ ಮೊದಲ ಸಾಮಾನು ಜೊತೆ ಕೆಲಸದವರದ್ದು. ಎಲ್ಲರೂ ಸೇರಿ ಪುಟ್ಟ ಮಂಚ ಕೊಂಡೆವು, ನನ್ನ ಟ್ರಕ್ಕಿಗೆ ಹೇರಿದೆವು. ಬೀಗದಕೈ ಸಿಗುವವರೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ.

ಇಲ್ಲಿ ಸಾಲದ ಚರಿತ್ರೆ ನೋಡದೆ ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ. ಪ್ರೂಯಿಟ್ ಅವಳ ಕ್ರೆಡಿಟ್ ರಿಪೋರ್ಟ್ ತೆರೆದು ಪರದೆಯನ್ನು ಇತ್ತ ತಿರುಗಿಸಿದ.

"ನೋಡು. ಬರೀ ಕೆಂಪು."

"ಸುಸ್ತಿ ಅಳಿಸ್‌ಬುಟ್ಟವ್ರೆ ಸಾರ್. ಫೋನ್ ಮಾಡಿ ಕೇಳಿವ್ನಿ."

"ಸುಸ್ತಿ ಅನ್ನೋದು ಹೋಗಿದೆ, ಇಲ್ಲ ಅನ್ನಲ್ಲ. ಅದಕ್ಕೂ ಮುಂಚೆ ಕಂತು ತಡ ಮಾಡಿದ್ಯಲ್ಲ, ಅದೆಲ್ಲಿ ಹೋಗುತ್ತೆ? ಏಳು ವರ್ಷ ಇಲ್ಲೇ ಬಿದ್ದಿರುತ್ತೆ. ನಿನಗಿನ್ನೂ ನಾಲ್ಕು ಬಾಕಿ, ಅಲ್ಲೀವರೆಗೂ ಮನೆ ಕೊಡಲ್ಲ."

"ಅಂಗಾರೆ ನಾನು ಒಂಬತ್ತು ತಿಂಗ್ಳು ಕಟ್ಟಿದ್ದು ಯಾತಕ್ಕೆ?"

"ಸಾಲ ಕೊಟ್ಟೋರ್ನ ಕೇಳು."

"ನಾಕು ವರ್ಸಕ್ಕೆ ನನ್ ಮಗೀಗೆ ಹತ್ತಾಯ್ತದೆ ಸಾರ್. ನನ್ ಗುರ್ತಾದ್ರೂ ಸಿಕ್ಕಾದಾ ಅದ್ಕೆ?"

"ಹೆರೋಕ್ ಮುಂಚೆ ಯೋಚ್ನೆ ಮಾಡ್ಬೇಕಿತ್ತು."

ನನಗೆ ತಡೆಯಲಾಗಲಿಲ್ಲ. "ಥೂ, ನಿನ್ ಬಾಯಿಗೆ ಮಣ್ಣಾಕ, ಬೋಳಿಮಗನೆ. ನಿನ್ನೂ ಒಬ್ಬಳು ಹೆತ್ತವಳೇ ತಾನೆ?"

ವರ್ನೀಟಾ ನನ್ನ ಕೈ ಹಿಡಿದು ಹೊರಗೆ ಎಳೆದಳು.

"ಬುಡು ಜೆಲ್ಮಕ್ಕ. ಮಂಚ ಇಳಿಸು."

"ಎಲ್ಲಿಗೇ?"

"ಇಲ್ಲೇ."

ಅವನ ಕಚೇರಿಯ ಮುಂದಿನ ಹುಲ್ಲಿನ ಮೇಲೆ ಮಂಚ ಜೋಡಿಸಿದೆವು. ಮೂಳೆ ಬಿಡಿಸುವ ಕತ್ತರಿ ಹಿಡಿದು ಹಿಡಿದು ಅವಳ ಬೆರಳು ಮಡಚುವುದಿಲ್ಲ, ಸ್ಕ್ರೂ ಜಾರಿ ಜಾರಿ ಬೀಳುತ್ತಿತ್ತು. ಕೊಡು ಇಲ್ಲಿ ಅಂದರೆ ಕೊಡಲಿಲ್ಲ. ಬಾತುಕೋಳಿ ಚಿತ್ರದ ಚಾದರ ಹಾಸಿ, ಮೂಲೆಗಳನ್ನು ಎಳೆದು ಸಿಕ್ಕಿಸಿದಳು, ದಿಂಬು ತಟ್ಟಿ ಉಬ್ಬಿಸಿದಳು.

ಪ್ರೂಯಿಟ್ ಓಡಿ ಬಂದ. "ಏನಿದು ಹುಚ್ಚಾಟ? ಪೊಲೀಸ್ನೋರ್ನ ಕರೀತೀನಿ."

"ಕರಿ. ಸುಕ್ರವಾರ ಬರೋರ್ಗೂ ಇದೇ ವಿಳಾಸ ಕೊಡು. ಮನೆ ನಾ ಕೊಡ್ನಿಲ್ಲ, ಮಂಚ ಅದೆ, ತಾಯಿ ಅವ್ಳೆ, ಮಗಾ ತಂದ್ಬುಡಿ ಅನ್ನು," ಅಂದಳು ವರ್ನೀಟಾ.

ಆ ಪುಟ್ಟ ಮಂಚದ ಮೇಲೆ ಅವಳು ಮುದುರಿ ಮಲಗಿದಳು. ಆದರೂ ಕಾಲು ಹೊರಗೆ ಚಾಚಿಕೊಂಡವು. ನಾನು ಆ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವು ತಣ್ಣಗಿದ್ದವು.

ರಸ್ತೆಯ ತಿರುವಿನಲ್ಲಿ ಪೊಲೀಸ್ ಗಾಡಿ ಕಾಣಿಸಿತು. ವರ್ನೀಟಾ ದಿಂಬಿನ ಪಕ್ಕದಲ್ಲಿ ಮಗುವಿಗಾಗುವಷ್ಟು ಜಾಗ ಬಿಟ್ಟು ಅತ್ತ ಸರಿದಳು.