ಗ್ಯಾರಂಟಿ ಶುರುವಾಗುವ ದಿನ

"ಬಿಲ್ಲಿನ ತಾರೀಕಿಂದ ಮೂರ್ ತಿಂಗ್ಳು ಕಣಮ್ಮ. ನೀವು ತಗಂಡಿದ್ದು ದೀಪಾವಳೀಲಿ," ಎಂದು ಚಪ್ಪಲಿ ಅಂಗಡಿಯ ನಂಜೇಶ್ ಅಟ್ಟೆ ಕಿತ್ತ ಶೂಗಳನ್ನು ಕೌಂಟರಿನ ಆಚೆಗೆ ತಳ್ಳಿದ. ಮುಟ್ಟಿದ್ದೂ ಬೆರಳ ತುದಿಯಲ್ಲಿ.

ಹೆಮ್ಮರಗಾಲದ ರುದ್ರಮ್ಮನಿಗೆ ಮೈಯೆಲ್ಲ ಉರಿಯಿತು. ಹದಿನೇಳು ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದಾಕೆ. ಶುಗರ್ ಬಂದಮೇಲೆ ಡಾಕ್ಟರು, ಶೂ ಇಲ್ಲದೆ ಹೊಸಿಲು ದಾಟಬೇಡಿ ಎಂದರು. ಊರೂರು ನಡೆಯುವವರಿಗೆಂದೇ ಮಾಡಿದ್ದು, ಕಲ್ಲುಮುಳ್ಳಿಗೂ ಜಗ್ಗಲ್ಲ ಎಂದು ಹೊಗಳಿ ಹೊಗಳಿ ಇದನ್ನು ಮಾರಿದವನು ಇದೇ ನಂಜೇಶ್. ದೇವರ ನಡಿಗೆಗೆ ತಂದದ್ದನ್ನು ಸಂತೆಗೆ, ಹೊಲಕ್ಕೆ ಮೆಟ್ಟಿ ಮೈಲಿಗೆ ಮಾಡುವುದುಂಟೆ? ಮಡಿ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದಳು. ಈ ಶಿವರಾತ್ರಿಗೆ ಅದನ್ನು ಮೆಟ್ಟಿ ಹೊರಟ ಮೂರನೇ ದಿನ, ಹನೂರಿನ ಹತ್ತಿರ, ಎರಡೂ ಅಟ್ಟೆ ಬಾಯಿಬಿಟ್ಟವು. ಹೆಬ್ಬೆರಳು ಒಡೆಯಿತು. ಜೊತೆಯವರು ಟೆಂಪೋ ಹತ್ತಿಸಿ ವಾಪಸ್ಸು ಕಳಿಸಿದರು. ಹರಕೆ ನಡುದಾರಿಯಲ್ಲಿ ನಿಂತಿತು. ಯುಗಾದಿಯೊಳಗೆ ಅದನ್ನು ಮುಗಿಸಲೇಬೇಕು.

ಸುಮ್ಮನೆ ಇಟ್ಟರೆ ಗಮ್ಮು ಒಣಗುತ್ತದೆ, ಆಗಾಗ ಹಾಕಬೇಕಿತ್ತು, ತಪ್ಪು ನಿಮ್ಮದೇ ಎಂದು ನಂಜೇಶ್ ಪಾಠ ಹೇಳಿದ. ಒಂದು ದಿನವೂ ಮೆಟ್ಟದ ಜೋಡಿಗೆ ಅಟ್ಟದ ಮೇಲೇ ವಯಸ್ಸಾಯಿತಂತೆ! ಹೇಳುವುದಕ್ಕಾದರೂ ನಾಚಿಕೆ ಬೇಡವೆ?

"ಮಡಗುದ್ರ ಕೆಟ್ಟೋಗಕ ಇದೇನು ಆಲಾ?" ಎಂದಳು ರುದ್ರಮ್ಮ. "ನಾ ನಡ್ದಿದ್ದು ಮೂರೇ ದಿನ. ಮೂರ್ ತಿಂಗ್ಳು ಅಂತೀಯಲ್ಲ, ಅದ ನಡ್ದೋರು ಯಾರಪ್ಪ?"

ಜೊತೆಗೆ ಬಂದಿದ್ದ ಮೊಮ್ಮಗಳು ಗಾನವಿ ಕಂಪನಿಗೆ ಕಂಪ್ಲೇಂಟ್ ಬರೆಯುತ್ತೇನೆ ಎಂದಳು. ಧಾರಾಳವಾಗಿ ಬರೀರಿ ಎಂದು ನಂಜೇಶ್ ನಕ್ಕ. ಬೇಕಾದರೆ ಹೊಸ ಜೋಡಿಗೆ ಹತ್ತು ಪರ್ಸೆಂಟ್ ಬಿಡುವುದಾಗಿ ಹೇಳಿದ.

"ನಿನ್ನ ಪರ್ಸೆಂಟ ನೀನೇ ಮಡಿಕ. ಪೂರ್ತಿ ಕೊಟ್ಟೀನಿ, ತಗಿ. ಇದ್ರ ಗ್ಯಾರಂಟಿ ಯಾವತ್ತಿಂದ?"

"ಇವತ್ತಿಂದ್ಲೇ."

ಬ್ಯಾಂಡೇಜಿನ ಕಾಲು ಆರನೇ ನಂಬರಿಗೆ ಹೋಗಲಿಲ್ಲ. ಏಳಕ್ಕೂ ಇಲ್ಲ. ಎಂಟಕ್ಕೆ ಹೋಯಿತು. ಡಬ್ಬಿಗೆ ಹಾಕಿಕೊಡಲು ನಂಜೇಶ್ ಕೈ ಚಾಚಿದ. ಅವಳು ಬಿಚ್ಚಲಿಲ್ಲ. ಲೇಸು ಬಿಗಿದು, ದುಡ್ಡು ಎಣಿಸಿಟ್ಟು, ಅಂಗಡಿಯ ಮೆಟ್ಟಿಲಿಳಿದಳು. ಬಸ್‌ಸ್ಟ್ಯಾಂಡು ಈ ಕಡೆ ಎಂದು ಗಾನವಿ ಕೂಗಿದಳು.

"ಅವನ ಗ್ಯಾರಂಟಿ ಇವತ್ತಿಂದ ಆದ್ರ, ನನ್ನ ನಡ್ಗನೂ ಇವತ್ತಿಂದ್ಲೇ ಕಣವ್ವ. ಇಲ್ಲಿಂದ್ಲೇ."

ಕುಂಟುತ್ತ, ಬೆಟ್ಟದ ದಾರಿಯಾದ ಟಿ. ನರಸೀಪುರದ ರಸ್ತೆಗೆ ತಿರುಗಿದಳು. ಗಾನವಿ ಒಂದು ಗಳಿಗೆ ಅತ್ತ ಇತ್ತ ನೋಡಿ, ಅಜ್ಜಿಯ ಹಿಂದೆ ಓಡಿದಳು. ನಂಜೇಶ್ ಖಾಲಿ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.