ಮೂರನೆಯ ಕೂಗು

"ಪೋತ್ನಾಳದ ಮಾರೆಪ್ಪಾ!"

ಮಾನ್ವಿ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಎರಡನೆಯ ಸಲ ಕೂಗಿದ. ಬೇವಿನ ಗಿಡದ ಕೆಳಗೆ ಕೂತಿದ್ದ ಮಾರೆಮ್ಮ ಅಲುಗಲಿಲ್ಲ. ಹಸಿರು ಸೀರೆಯ ಸೆರಗನ್ನು ಹೆಗಲ ಮೇಲೆ ಬಿಗಿಯಾಗಿ ಎಳೆದುಕೊಂಡು, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಬೀದಿ ನೋಡುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ, ಎಪ್ಪತ್ತೊಂದರಲ್ಲಿ, ನೀರಮಾನ್ವಿಯ ಎಲ್ಲಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡು, ದೇವಿಯ ಜೋಗತಿಯಾಗಿ ಸೀರೆ ಉಟ್ಟ ದಿನವೇ ಅವಳು ಹುಟ್ಟಿದಾಗ ಇಟ್ಟ ಮಾರೆಪ್ಪ ಎಂಬ ಗಂಡು ಹೆಸರನ್ನು ಬಿಟ್ಟಿದ್ದಳು. ಊರು ನಿಧಾನವಾಗಿ ಒಪ್ಪಿತ್ತು. ಅತ್ತೂ ಕರೆದೂ ತಾಯಿ ಬೂದೆಮ್ಮನೂ ಒಪ್ಪಿದ್ದಳು. ಒಪ್ಪದೆ ಉಳಿದವನು ಬಾಲ್ಯದ ಗೆಳೆಯ, ಸೈಕಲ್ ರಿಪೇರಿಯ ಬುರ್ಹಾನುದ್ದೀನ್ ಒಬ್ಬನೇ. "ಕೆರಿಯಾಗ ಕೂಡಿ ಈಸಾಡೀವಿ. ನನಗ ಅಂವ ಮಾರೆಪ್ಪನ" ಎನ್ನುತ್ತಿದ್ದ. ಕಳೆದ ತಿಂಗಳು ತುಂಬಿದ ಸಂತೆಯಲ್ಲಿ ಅವನು ತನ್ನ ಅಂಗಡಿಯಿಂದಲೇ "ಲೇ ಮಾರೆಪ್ಪಾ" ಎಂದು ಕೂಗಿದಾಗ, ಅವಳು ಪಂಕ್ಚರ್ ನೋಡುವ ಬೋಗುಣಿಯ ನೀರನ್ನು ಅವನ ತಲೆಗೇ ಸುರಿದಳು. ಜನ ನಕ್ಕರು. ಬುರ್ಹಾನುದ್ದೀನ್ ಒದ್ದೆ ಅಂಗಿಯಲ್ಲೇ ಠಾಣೆಗೆ ಹೋಗಿ ದೂರು ಕೊಟ್ಟ.

ಈಗ ಅವನು ಕಾನ್‌ಸ್ಟೇಬಲ್ ಗಡಿಗೆಪ್ಪನ ಪಕ್ಕ ನಿಂತಿದ್ದ. "ಮೂರನೇ ಸಲಕ್ಕೂ ಬರಲಿಲ್ಲ ಅಂದ್ರ ವಾರಂಟ್ ನೋಡಪ್ಪ. ಹಿಡಕೊಂಡು ಬರ್ಬೇಕಾಗ್ತದ" ಎಂದ ಗಡಿಗೆಪ್ಪ.

ಬುರ್ಹಾನುದ್ದೀನ್ ಗಿಡದ ಕಡೆ ನೋಡಿದ. ಹಿಡಿದು ತಂದರೆ ಎಲ್ಲಿ ಇಡುತ್ತಾರೆ? ಗಂಡಸರ ಕೋಣೆಯಲ್ಲೇ? ಜವಾನ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವನು ಗಿಡದ ಕೆಳಗೆ ಓಡಿದ.

"ಏಳಬೇ ಮಾರೆಮ್ಮಾ. ನಿನ್ನ ಕರಿಯಾಕತ್ತಾರ."

ಅವಳು ತಲೆಯೆತ್ತಿದಳು. "ಏನಂದಿ?"

"ಕಿವುಡಿ ಏನು? ಮಾರೆಮ್ಮ ಅಂದೆ. ಏಳು."

ಒಳಗೆ ಹತ್ತು ನಿಮಿಷದಲ್ಲಿ ಮುಗಿಯಿತು. ಹೊಸದಾಗಿ ಬಂದಿದ್ದ ಜಡ್ಜ್ ಸಾಹೇಬರು ರೇಷನ್ ಕಾರ್ಡು ನೋಡಿದರು, ಮತದಾರರ ಪಟ್ಟಿ ನೋಡಿದರು. ಎರಡರಲ್ಲೂ ಮಾರೆಪ್ಪ. "ದಾಖಲೆಯಲ್ಲಿರುವ ಹೆಸರಿನಿಂದ ಕರೆಯುವುದು ಅಪರಾಧವಲ್ಲ. ನೀರು ಸುರಿದದ್ದು ತಪ್ಪು" ಎಂದು ಅವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು.

"ಗೆದ್ದಿ ನೋಡು" ಎಂದಳು ಮಾರೆಮ್ಮ, ಬಸ್‌ಸ್ಟ್ಯಾಂಡಿನ ದಾರಿಯಲ್ಲಿ. "ಇನ್ನ ಬಾಯಿ ತುಂಬ ಕರಿ. ಸರ್ಕಾರನ ಹೇಳ್ಯದ."

ಪೋತ್ನಾಳದ ಬಸ್ಸು ಬಂದು ಜನ ಮುಗಿಬಿದ್ದಾಗ, ಬುರ್ಹಾನುದ್ದೀನ್ ಮುಂದೆ ನುಗ್ಗಿ ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗೆ ಎಸೆದ. 'ಮಹಿಳೆಯರಿಗೆ' ಎಂದು ಬರೆದಿದ್ದ ಸೀಟಿನ ಮೇಲೆ ಅದು ಬಿತ್ತು.

"ಏ ಯಣ್ಣಾ, ಹೆಣ್ಮಕ್ಕಳ ಸೀಟದು! ಕಣ್ಣು ಕಾಣಂಗಿಲ್ಲೇನು?" ಒಳಗಿದ್ದ ಮುದುಕಿ ಗದರಿದಳು.

"ನನಗಲ್ಲಬೇ ಯವ್ವಾ" ಎಂದ ಬುರ್ಹಾನುದ್ದೀನ್. "ಅಕಿಗೆ."

ಮುದುಕಿ ಮಾರೆಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡು ಸರಿದು ಕೂತಳು.

ಬಸ್ಸು ಹೊರಟಿತು. ಬುರ್ಹಾನುದ್ದೀನ್ ಹಿಂದೆ, ಗಂಡಸರ ನಡುವೆ ಕಂಬಿ ಹಿಡಿದು ನಿಂತಿದ್ದ. ಮಾರೆಮ್ಮ ಟವೆಲ್ಲಿನ ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಕೈಯಿಟ್ಟಳು.