ಬೊಳ್ಳುವಿನ ಬೆನ್ನ ಮೇಲೆ ಭುಜಂಗನ ಕೈ

ಹೆಬ್ರಿಯ ಕಲ್ಲುಕೋರೆಯಿಂದ ಅದರ ಧಣಿ ಡೆನಿಸ್‌ನ ಜೀಪು ನಾಲ್ಕು ಗಂಟೆಗೆ ಬರುತ್ತದೆ. ಈಗ ಮೂರೂ ಕಾಲು. ಅಷ್ಟರೊಳಗೆ ಬೊಳ್ಳು ಒಳ್ಳೆಯ ನಾಯಿಯೆಂದು ಸಾಬೀತಾಗಬೇಕು, ಇಲ್ಲವಾದರೆ ಅದರ ಉಳಿದ ಆಯುಷ್ಯವೆಲ್ಲ ಕೋರೆಯ ಕಾವಲಿಗೆ, ಸರಪಳಿಗೆ. ಕುಕ್ಕುಂದೂರಿನ ಮನೆಯ ಜಗಲಿಯಲ್ಲಿ ಕುಳಿತ ಭುಜಂಗನಿಗೆ ಒರೆಸಿದಷ್ಟೂ ಬೆವರು.

ಬಾಣಂತನಕ್ಕೆ ಬಂದಿದ್ದ ಮಗಳು ಅಕ್ಷಿತಾ ಹತ್ತು ದಿನದ ಹಿಂದೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಇದೇ ಜಗಲಿಯಲ್ಲಿ ಕುಳಿತಿದ್ದಳು. ಮೂಸಲು ಹೋದ ಬೊಳ್ಳು ಹಲ್ಲು ಕಿಸಿದು ಗುರ್ರೆಂದಿತು. ನಾಯಿಯನ್ನು ಒಯ್ಯಿರಿ ಎಂದು ಹೆಂಡತಿ ಕುಶಲಾ ಅಂದೇ ಡೆನಿಸ್‌ಗೆ ಫೋನು ಮಾಡಿದಳು. ಕೂಸಿನ ವಿಷಯ ನೋಡಿ, ಅವಳದು ತಪ್ಪೆನ್ನುವ ಎದೆಗಾರಿಕೆ ಯಾರಿಗುಂಟು? ಭುಜಂಗ ಕೈಕಾಲು ಹಿಡಿದು ಇವತ್ತಿನವರೆಗೆ ಗಡುವು ಪಡೆದಿದ್ದ.

ಮಣಿಪಾಲದಲ್ಲಿ ಜೆನಿಫರ್ ಎಂಬ ಹುಡುಗಿ ನಾಯಿಗಳಿಗೆ ಮಸಾಜು ಮಾಡುತ್ತಾಳೆ, ನಾಯಿ ಸಾಕಿದವರಿಗೆ ಸುಮ್ಮನೆ ಕುಳಿತು ಉಸಿರು ಗಮನಿಸುವುದನ್ನೂ ಕಲಿಸುತ್ತಾಳೆ ಎಂದು ಯಾರೋ ಹೇಳಿದ್ದರು. ಇಪ್ಪತ್ತೆರಡು ವರ್ಷ ಕುವೈತಿನಲ್ಲಿ ಕ್ರೇನು ಓಡಿಸಿದವನಿಗೆ ಉಸಿರಾಡಲು ಬೇರೆ ಕಲಿಯಬೇಕೇ ಎಂದು ಹೆಂಡತಿ ನಕ್ಕರೂ ಅವನು ನಾಯಿಯನ್ನು ಕರೆದುಕೊಂಡು ಹೋಗಿದ್ದ. ಅಲ್ಲಿ ಜೆನಿಫರಳ ಕೈಕೆಳಗೆ ಬೊಳ್ಳು ನಾದಿದ ಹಿಟ್ಟಿನ ಹಾಗೆ ಬಿದ್ದುಕೊಂಡಿತು. ಭುಜಂಗ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ತಂದ. ಮನೆಯಲ್ಲಿ ಅವನು ಹಾಗೆಯೇ ಮಾಡಹೊರಟರೆ ಎಂತ ಗ್ರಹಚಾರವೋ, ನಾಯಿ ಗುರ್ರೆನ್ನುತ್ತಿತ್ತು. ಕೊನೆಗೆ ಜೆನಿಫರಳೇ ಇವತ್ತು ಸ್ಕೂಟರು ಹತ್ತಿ ಬಂದಿದ್ದಳು.

"ಅಂಕಲ್, ಕಣ್ಣು ಮುಚ್ಚಿ. ಈಗ ಮನಸ್ಸಿನಲ್ಲಿ ಎಂತ ಉಂಟು?"

"ಜೀಪು ಉಂಟು," ಎಂದ ಭುಜಂಗ.

"ಇರಲಿ ಬಿಡಿ. ಉಸಿರು ನಿಧಾನ ಬಿಡಿ. ಇನ್ನು ಕೈ ಮೆಲ್ಲ ಕಿವಿಯ ಹತ್ತಿರ ತನ್ನಿ."

ಕೈ ಹತ್ತಿರ ಬಂದದ್ದೇ ತಡ, ಬೊಳ್ಳು ಮುಖ ತಿರುಗಿಸಿ ತುಟಿ ಎತ್ತಿತು. ಗಂಟಲೊಳಗಿನಿಂದ ಅದೇ ಸದ್ದು. ಭುಜಂಗ ಕೈ ಹಿಂದಕ್ಕೆ ಎಳೆದುಕೊಂಡ.

"ನೋಡಿದಿರಾ? ಅನ್ನ ಹಾಕಿದ ಕೈಗೇ ಹೀಗೆ. ಇನ್ನು ಕೂಸನ್ನು ಬಿಟ್ಟೀತಾ?" ಬಾಗಿಲಲ್ಲಿ ನಿಂತ ಕುಶಲಾಳ ಧ್ವನಿ ನಡುಗುತ್ತಿತ್ತು. ಪಾಪ, ಅವಳಿಗೇನು ನಾಯಿಯ ಮೇಲೆ ಹಗೆಯೇ?

ಭುಜಂಗನ ತಲೆ ಸಿಡಿಯತೊಡಗಿತು. ಕೈ ತಾನಾಗಿ ಜೇಬಿಗೆ ಹೋಯಿತು. ಸಣ್ಣ ಬಾಟಲಿ ತೆಗೆದು ಎರಡು ಹನಿ ಹಣೆಗೆ ಉಜ್ಜಿಕೊಂಡ. ಗಲ್ಫಿನ ತಲೆನೋವಿನ ಎಣ್ಣೆ. ಊರಿಗೆ ಬಂದು ಮೂರು ವರ್ಷವಾದರೂ ಅದು ಅವನ ಜೇಬು ಬಿಟ್ಟಿರಲಿಲ್ಲ. ಕೂಸು ಬಂದು ನಿದ್ದೆಗೆಟ್ಟ ಮೇಲಂತೂ ದಿನಕ್ಕೆ ಎಂಟು ಸಲ. ಬೊಳ್ಳು ಸೀನುತ್ತಾ ಎರಡು ಮಾರು ಹಿಂದೆ ಸರಿಯಿತು.

ಜೆನಿಫರ್ ಅವನ ಕೈ ಹಿಡಿದು ಮೂಸಿದಳು. ಕಣ್ಣಲ್ಲಿ ನೀರು ಬಂತು. "ಎಂತ ಮಾರಾಯ್ರೆ ಇದು! ನನಗೇ ಉರಿ ಆಗ್ತದೆ, ಅದಕ್ಕೆ ಹೇಗಾಗಬೇಡ! ದಿನಾ ಈ ಕೈಯಲ್ಲೇ ತಿಕ್ಕಿದ್ದಾ?"

"ವಾಸನೆ ಉಂಟಾ? ನನಗೆ ಗೊತ್ತಾಗುವುದೇ ಇಲ್ಲ."

ಒಳಗಿನಿಂದ ಅಕ್ಷಿತಾ ಬಂದಳು. "ಅಪ್ಪ, ಬೊಳ್ಳು ಕೂಸಿನ ಹತ್ತಿರ ಗುರ್ರೆಂದ ದಿನ ನನಗೆ ಕುತ್ತಿಗೆ ಹಿಡಿದಿತ್ತು. ನೀವು ಅದನ್ನೇ ಹಚ್ಚಿದ್ದು ಅಲ್ವಾ?"

ಹೌದು. ಪ್ರೀತಿಯಿಂದ ಅರ್ಧ ಬಾಟಲಿ ಸುರಿದಿದ್ದ, ಮಹಾನುಭಾವ! ನಾಯಿಯ ಕತ್ತಿಗೆ ಸರಪಳಿ ತಂದದ್ದು ತಾನೇ ಎಂದು ಹೊಳೆದಾಗ ಭುಜಂಗನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಅಷ್ಟರಲ್ಲಿ ಗೇಟಿನ ಬಳಿ ಹಾರ್ನು. ಡೆನಿಸ್ ಹತ್ತು ನಿಮಿಷ ಮೊದಲೇ ಬಂದಿದ್ದ, ಕೈಯಲ್ಲಿ ಸರಪಳಿ. ಕುಶಲಾ ಅವನನ್ನು ಅಲ್ಲೇ ನಿಲ್ಲಲು ಹೇಳಿ ಬಚ್ಚಲಿಗೆ ಓಡಿದಳು. ಕೂಸಿನ ಸ್ನಾನದ ಕಡಲೆಹಿಟ್ಟು ತಂದು ಗಂಡನ ಕೈ, ಹಣೆ, ಕುತ್ತಿಗೆಯನ್ನು ಚರ್ಮ ಕೆಂಪಾಗುವಂತೆ ತಿಕ್ಕಿದಳು. ಅಂಗಿಯನ್ನೂ ಬಿಚ್ಚಿಸಿದಳು.

ಭುಜಂಗ ಮತ್ತೆ ಕುಳಿತ. ಈ ಸಲ ಉಸಿರು ಬಿಟ್ಟಾಗ ಎದೆ ಹಗುರಾಯಿತು. ಕೈ ಚಾಚಿದ. ಬೊಳ್ಳು ಬೆರಳು ಮೂಸಿತು, ಅಂಗೈ ಮೂಸಿತು, ಹಿಂದೆ ಸರಿದು ನಿಂತಿತು. ಮತ್ತೆ ಬಂದು ಗದ್ದವನ್ನು ಅವನ ಅಂಗೈಯಲ್ಲಿಟ್ಟು ಮಲಗಿಬಿಟ್ಟಿತು. ಭುಜಂಗ ಅತ್ತೇಬಿಟ್ಟ.

"ಕೂಸಿನ ಹತ್ತಿರ ಒಂದನ್ನೇ ಬಿಡಬೇಡಿ, ಅದು ಯಾವ ನಾಯಿಯಾದರೂ ಅಷ್ಟೇ," ಎಂದಳು ಜೆನಿಫರ್.

ಕುಶಲಾ ಗೇಟಿನ ಕಡೆಗೆ ತಿರುಗಿದಳು. "ಡೆನಿಸ್, ಸರಪಳಿ ಜೀಪಿನಲ್ಲೇ ಇಟ್ಟು ಬನ್ನಿ. ಚಾ ಮಾಡ್ತೇನೆ."

ಹಣೆಯ ನೋವು ಇನ್ನೂ ಹೋಗಿರಲಿಲ್ಲ. ಭುಜಂಗನ ಕೈ ಬಿಚ್ಚಿಟ್ಟ ಅಂಗಿಯ ಜೇಬಿಗೆ ಹೋಯಿತು. ಕುಶಲಾ ಬಾಟಲಿಯನ್ನು ಕಿತ್ತುಕೊಂಡು ತೆಂಗಿನ ಬುಡಕ್ಕೆ ಸುರಿದಳು.

"ಅದಿಲ್ಲದೆ ಆಗುವುದಿಲ್ಲ ಮಾರಾಯ್ತಿ. ಅಲ್ಲಿ ಕುವೈತಿನಲ್ಲಿ ತಲೆ ಒತ್ತಲಿಕ್ಕೆ ಯಾರಿದ್ದರು?"

"ಇಲ್ಲಿ ಇದ್ದೇನಲ್ಲ," ಎಂದು ಅವಳು ಅವನ ಹಿಂದೆ ಕುಳಿತು, ಕಡಲೆಹಿಟ್ಟಿನ ಕೈಯಲ್ಲೇ ಅವನ ಹಣೆ ಒತ್ತತೊಡಗಿದಳು.